ಕೆಂಪು ಎಳೆಯ ಖಾಲಿ ಸಂದು

ಇಳಕಲ್ಲಿನ ಗುರುಬಸವ್ವನ ಮಗ್ಗದಲ್ಲಿ ಸೀರೆ ಮುಗಿದರೂ ಹಳೆಯ ಎಳೆಗಳ ತುದಿ ಬಿಚ್ಚುವುದಿಲ್ಲ. ಒಂದೊಂದರ ತುದಿಗೂ ಹೊಸ ಎಳೆ ಹೊಸೆದು ಸೇರಿಸುತ್ತಾಳೆ. ಹಳೆಯದು ಎಳೆದತ್ತ ಹೊಸದು ಹೋಗುತ್ತದೆ. ಹಾಗೆ ಹೊರಟ ಕೆಂಪು ಎಳೆಯೊಂದು ಅರೆನಿದ್ದೆಯಲ್ಲಿ ತೇಲುತ್ತಾ, ಎಳೆಗಳನ್ನು ಬೇರೆ ಬೇರೆಯಾಗಿಡುವ ಹಣಿಗೆಯ ಹಲ್ಲುಗಳ ಬಳಿ ಬಂತು. ಅಲ್ಲಿ ಮುಂದಿದ್ದ ಹಳೆಯ ಎಳೆ ಹಲ್ಲುಗಳ ನಡುವಿನ ತನ್ನ ಸಂದು ಬಿಟ್ಟು ಪಕ್ಕದ ಎಳೆಯ ಸಂದಿನಲ್ಲಿ ನುಸುಳಿತ್ತು.

“ಅಜ್ಜಾ, ನಮ್ಮ ಸಂದು ಖಾಲಿ ಇದೆಯಲ್ಲ?”

“ನನ್ನ ಮುಂಚಿನವನು ಹೀಗೇ ಹೋದ. ನಾನೂ ಹೋದೆ.”

“ಅವನೇಕೆ ಹೋದ?”

“ನಾನು ಕೇಳಲಿಲ್ಲ,” ಎಂದು ಹಳೆಯ ಎಳೆ ಆಕಳಿಸಿತು.

“ಅದಕ್ಕೇ ಪ್ರತಿ ಸೀರೆಯಲ್ಲೂ ಬಿರುಕಿನಂಥ ಗೆರೆ,” ಎಂದಿತು ಅಡ್ಡನೂಲು ಹೊತ್ತು ಹಾದುಹೋಗುತ್ತಿದ್ದ ಲಾಳಿ. “ಗುರುಬಸವ್ವ ಮಾತ್ರ ನೂಲು ಸರಿಯಿಲ್ಲ ಅನ್ನುತ್ತಾಳೆ.”

ತಾನಾಗಿ ಸಂದು ಬದಲಿಸುವುದು ಎಳೆಯ ಕೈಲಾಗದ ಮಾತು. ಹರಿದರೆ ಮಾತ್ರ ಗುರುಬಸವ್ವ ಬಗ್ಗಿ ನೋಡುತ್ತಾಳೆ. ಕೆಂಪು ಎಳೆ ಉಸಿರು ಬಿಗಿಹಿಡಿದು ಪಟ್ಟನೆ ಹರಿಯಿತು.

“ಹಾಳಾದ್ದು!” ಎನ್ನುತ್ತಾ ಬಗ್ಗಿದ ಗುರುಬಸವ್ವ ಖಾಲಿ ಸಂದು ಕಂಡಳು. ಎಳೆಯನ್ನು ಅದರಲ್ಲೇ ಪೋಣಿಸಿದಳು.

ಆ ಸೀರೆಯಲ್ಲಿ ಗೆರೆ ಮೂಡಲಿಲ್ಲ. ಅದು ಮುಗಿದ ಮೇಲೆ ಕೆಂಪು ಎಳೆಯ ತುದಿಗೆ ಇನ್ನೊಂದು ಹೊಸ ಎಳೆ ಬಂದು ಸೇರಿತು.

“ಅಜ್ಜಾ, ದಾರಿ ಗೊತ್ತೇ?”

“ಗೊತ್ತು,” ಎಂದಿತು ಕೆಂಪು ಎಳೆ. “ಆದರೂ ನೀನು ಕೇಳುತ್ತಲೇ ಬಾ.”