ಹಾಲು ಒಲೆಗಿಡುವ ಮೊದಲೇ ಬಂದ ಕಾರು

ಬನ್ನಿ, ಹತ್ತಿರ ಬನ್ನಿ. ಎಲೆಯಡಿಕೆ ಮೆಲ್ಲೋರು ಮೆಲ್ಲಿ, ತೂಕಡಿಸೋರು ಗೋಡೆಗೆ ಒರಗಿ. ನಡುವೆ ಬಾಯಿ ಹಾಕೋರು ಮಾತ್ರ ಹಿಂದೆ ಕೂತ್ಕೊಳ್ಳಿ.

ಹೆಬ್ಬಾಗಿಲುಕೋಟೆ ಅನ್ನೋ ರಾಜ್ಯದಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜ ಇದ್ದ. ರಾಜ ಅಂದಮೇಲೆ ಪಟ್ಟದ ಕುದುರೆ ಇರಬೇಕಲ್ಲ ಅಂತೀರಾ? ಇವನಿಗೆ ಪಟ್ಟದ ಕಾರಿತ್ತು. ಅದರ ಹೆಸರು ಗುಡುಗ. ರಾಜನ ಅಪ್ಪನ ಕಾಲದಲ್ಲಿ ವೀರಾಚಾರಿ ಅನ್ನೋ ಕಮ್ಮಾರ ಅದನ್ನ ತನ್ನ ಕುಲುಮೆಯಲ್ಲಿ ಕಟ್ಟಿದ್ದ. ಕೆಂಪು ಮೈ, ಚೂಪು ಮೂತಿ, ನೆಲಕ್ಕೆ ಹೊಟ್ಟೆ ತಾಗೋ ಹಾಗೆ ತಗ್ಗು. ಸುತ್ತ ಹದಿನಾರು ಸೀಮೆಯಲ್ಲಿ ಅಷ್ಟು ಜೋರಾಗಿ ಓಡೋ ಕಾರು ಇನ್ನೊಂದಿರಲಿಲ್ಲ. ಅದರ ಮೇಲೆ ಜನ ಲಾವಣಿ ಕಟ್ಟಿ ಹಾಡಿದ್ದರು.

ವೀರಾಚಾರಿ ಹೋದ, ದೊಡ್ಡ ರಾಜನೂ ಹೋದ. ಗುಡುಗ ಮಾತ್ರ ಅರಮನೆ ಲಾಯದಲ್ಲಿ ರೇಷ್ಮೆ ಹೊದ್ದು ನಿಂತಿತ್ತು. ಅದರ ಕಾವಲಿಗೆ ಪಾರುಪತ್ತೇಗಾರ ನಂಜರಸಯ್ಯ. ಹೊದಿಕೆ ಎತ್ತಬಾರದು, ಮುಟ್ಟಬಾರದು, ಚಾಲೂ ಮಾಡಬಾರದು. "ದೊಡ್ಡ ಬುದ್ಧಿಯೋರು ಕೂತ ಕಾರು, ಕಂಡೋರು ಮುಟ್ಟಿದ್ರೆ ಮೈಲಿಗೆ" ಅನ್ನುತ್ತಿದ್ದ. ಹೀಗಾಗಿ ಲೋಕದಲ್ಲೇ ವೇಗದ ಕಾರಿನ ಒಡೆಯ ಎತ್ತಿನ ಗಾಡಿಯಲ್ಲಿ ಓಡಾಡುತ್ತಿದ್ದ. ಗಾಡಿ ಕುಲುಕಿ ಕುಲುಕಿ ರಾಜನ ಸೊಂಟ ಹಿಡಿದುಹೋಯಿತು.

ಕೊನೆಗೆ ರಾಜ ವೀರಾಚಾರಿಯ ಮೊಮ್ಮಗಳು ಚಿಕ್ಕಾಳಮ್ಮನನ್ನ ಕರೆಸಿ, "ನನಗೊಂದು ಹೊಸ ಕಾರು ಕಟ್ಟಿಕೊಡು" ಅಂದ. ಚಿಕ್ಕಾಳಮ್ಮ ಸುತ್ತಿಗೆ ಹಿಡಿದಳು. ಎಣ್ಣೆ ಮಸಿಯಲ್ಲೇ ಉಂಡಳು, ಮಸಿಯಲ್ಲೇ ಮಲಗಿದಳು. ಕಾರು ಮುಗಿದಾಗ ಅದಕ್ಕೆ ಕೋಲ್ಮಿಂಚು ಅಂತ ಹೆಸರಿಟ್ಟಳು.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಹೊಸ ಕಾರಿಗೆ ಪಟ್ಟ ಕಟ್ಟಿದ ದಿನ ಹಳೇ ಕಾರು ತವರಿಗೆ ಹೋಗಬೇಕು. ತವರು ಅಂದರೆ ಅದು ಹುಟ್ಟಿದ ಕುಲುಮೆ. ಅಲ್ಲಿ ಅದನ್ನ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮತ್ತೆ ಜೋಡಿಸಿ ಮನೆ ಹಿರಿಯರ ಹಾಗೆ ಇಟ್ಟುಕೊಳ್ಳಬೇಕು. ಚಿಕ್ಕಾಳಮ್ಮನಿಗೆ ಇದ್ದ ಆಸೆಯೇ ಇದು. ಅಜ್ಜನ ಕೈಕೆಲಸವನ್ನ ಒಂದು ಸಲ ಮುಟ್ಟಿ ನೋಡಬೇಕು. ನಂಜರಸಯ್ಯನಿಗೆ ಇದ್ದ ಭಯವೂ ಇದೇ. ಯಾಕೆ ಭಯ ಅಂತ ಈಗಲೇ ಕೇಳಬೇಡಿ, ಕಥೆ ಕೆಡುತ್ತೆ.

ನಂಜರಸಯ್ಯ ರಾಜನ ಕಿವಿ ಊದಿದ. ರಾಜ ಸಭೆಯಲ್ಲಿ ಸಾರಿದ: "ಚಿಕ್ಕಾಳಮ್ಮ, ನಿನ್ನ ಕಾರು ಗುಡುಗನಿಗಿಂತ ಮೇಲು ಅಂತ ತೋರಿಸು, ಪಟ್ಟ ಕಟ್ತೀನಿ. ತೋರಿಸದೆ ಹೋದ್ರೆ ಅದನ್ನ ಕರಗಿಸಿ ಕೋಟೆ ಬಾಗಿಲಿಗೆ ಅಗುಳಿ ಮಾಡಿಸ್ತೀನಿ. ಅಜ್ಜನ ಹೆಸರು ಕೆಡಿಸಿದ ತಪ್ಪಿಗೆ ನಿನ್ನ ಕುಲುಮೆಗೆ ನೀರು ಹುಯ್ಯಿಸ್ತೀನಿ."

"ಆಗ್ಲಿ ಬುದ್ಧಿ, ಎರಡನ್ನೂ ಜೊತೇಲಿ ಓಡ್ಸಿ" ಅಂದಳು ಚಿಕ್ಕಾಳಮ್ಮ.

"ಶಿವ ಶಿವಾ! ಗುಡುಗನ್ನ ಬೀದಿಗಿಳಿಸೋದಾ?" ನಂಜರಸಯ್ಯ ಕಿವಿ ಮುಚ್ಚಿಕೊಂಡ. "ನಿನ್ನದು ಓಡ್ಲಿ. ಗುಡುಗ ಹೆಂಗೆ ಓಡ್ತಿತ್ತು ಅಂತ ನಾನು ಹೇಳ್ತೀನಿ."

ಮೊದಲನೇ ದಿನ ವೇಗದ ಪರೀಕ್ಷೆ. ಅರಮನೆ ಅಡುಗೆಯವನು ಒಲೆ ಮೇಲೆ ಹಾಲಿಟ್ಟ. ಚಿಕ್ಕಾಳಮ್ಮ ಕೋಟೆ ಬಾಗಿಲಿಂದ ಹೊರಟು, ಸುಂಕದ ಗುಡ್ಡ ಸುತ್ತಿ, ಹಾಲು ಉಕ್ಕೋದರೊಳಗೆ ವಾಪಸ್ ಬಂದಳು. ರಾಜ ಚಪ್ಪಾಳೆ ತಟ್ಟೋದಕ್ಕೆ ಕೈ ಎತ್ತಿದ.

"ಪರವಾಗಿಲ್ಲ" ಅಂದ ನಂಜರಸಯ್ಯ. "ಗುಡುಗ ಆದ್ರೆ ಹಾಲು ಒಲೆಗಿಡೋ ಮೊದ್ಲೇ ಬಂದು ನಿಂತಿರ್ತಿತ್ತು."

"ಹೌದೌದು, ಅದು ಕಾಲ ಅಂದ್ರೆ ಕಾಲ!" ಅಂತ ಸಭೆ ತಲೆಯಾಡಿಸಿತು. ಅವರಲ್ಲಿ ಅರ್ಧ ಜನ ಆ ಕಾಲದಲ್ಲಿ ಹುಟ್ಟೇ ಇರಲಿಲ್ಲ. ರಾಜ ಎತ್ತಿದ ಕೈಯಿಂದ ಮೀಸೆ ತಿರುವಿಕೊಂಡು, "ಗುಡುಗನೇ ಮೇಲು" ಅಂದ.

ಎರಡನೇ ದಿನ ತಿರುವಿನ ಪರೀಕ್ಷೆ. ಪಕ್ಕದ ಸೀಟಿನಲ್ಲಿ ತುಂಬಿದ ಕೊಡ ಇಟ್ಟುಕೊಂಡು ಚಿಕ್ಕಾಳಮ್ಮ ಹಾವಿನ ಹಾಗೆ ಸುತ್ತಿದ ಘಾಟಿ ಹತ್ತಿ ಇಳಿದಳು. ಒಂದು ತೊಟ್ಟು ಚೆಲ್ಲಲಿಲ್ಲ.

"ಪರವಾಗಿಲ್ಲ" ಅಂದ ನಂಜರಸಯ್ಯ. "ಗುಡುಗನಲ್ಲಿ ಕೊಡ ಇಟ್ರೆ, ವಾಪಸ್ ಬರೋ ಹೊತ್ತಿಗೆ ಇನ್ನೊಂದು ಚೆಂಬು ನೀರು ಜಾಸ್ತಿನೇ ಇರ್ತಿತ್ತು."

"ಹೌದೌದು, ಅದು ಕಾಲ ಅಂದ್ರೆ ಕಾಲ!" ಅಂತು ಸಭೆ.

ಮೂರನೇ ದಿನ ಬ್ರೇಕಿನ ಪರೀಕ್ಷೆ. ಗಾಳಿ ಸೀಳಿಕೊಂಡು ಬರ್ತಿದ್ದ ಕೋಲ್ಮಿಂಚಿಗೆ ಅಡ್ಡವಾಗಿ ಕುರಿ ಮಂದೆ ಬಿಟ್ಟರು. ಚಿಕ್ಕಾಳಮ್ಮ ಬ್ರೇಕು ಒತ್ತಿದಳು. ಮುಂದಿನ ಮರಿಯ ಮೂಗಿಗೆ ಒಂದು ಗೇಣು ಇರುವಾಗ ಕಾರು ನಿಂತಿತು. ಮರಿ ಬ್ಯಾ ಅಂತು, ಅಷ್ಟೇ.

"ಪರವಾಗಿಲ್ಲ" ಅಂದ ನಂಜರಸಯ್ಯ. "ಗುಡುಗ ಬರ್ತಿದೆ ಅಂದ್ರೆ ಕುರಿಗಳೇ ದಾರಿ ಬಿಟ್ಟು ಕೈ ಮುಗೀತಿದ್ವು."

ಚಿಕ್ಕಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸ್ವಂತ ಅಜ್ಜನ ಹೆಸರು ತಂದು ಬಾಯಿಗೆ ಬಟ್ಟೆ ತುರುಕಿದರೆ ಯಾರು ತಡೆದುಕೊಳ್ಳುತ್ತಾರೆ? ಸೆರಗು ಬಿಗಿದು ಸಭೆಯ ನಡುವೆ ನಿಂತಳು.

"ಬುದ್ಧೀ, ನಾನು ಕಾರಿನ ಜೊತೆ ಪಂದ್ಯ ಒಪ್ಕೊಂಡಿದ್ದೆ. ನೀವು ನನ್ನನ್ನ ಈ ಅಯ್ಯನೋರ ನಾಲಿಗೆ ಜೊತೆ ಓಡಿಸ್ತಾ ಇದೀರಿ. ನಾಲಿಗೆಗೆ ತಿರುವಿಲ್ಲ, ಬ್ರೇಕಿಲ್ಲ. ಅದನ್ನ ಯಾವ ಕಾರೂ ಗೆಲ್ಲೋಕಾಗಲ್ಲ. ನನ್ನಜ್ಜ ಸಾಯೋವಾಗ ನನಗೇನಂದ ಗೊತ್ತಾ? 'ನಾನು ಮಾಡಿದ್ದಕ್ಕಿಂತ ಒಳ್ಳೇದು ಮಾಡವ್ವ, ಇಲ್ದಿದ್ರೆ ನಾನು ಕಲ್ಸಿದ್ದು ದಂಡ' ಅಂದ. ಅವನೇ ಒಪ್ಪಿದ್ದನ್ನ ನೀವು ತಪ್ಪು ಅಂತೀರಾ?"

"ಬಾಯಿ ಬಹಳ ಉದ್ದ ಆಯ್ತು!" ರಾಜ ಗದ್ದುಗೆಯಿಂದ ಎದ್ದೇಬಿಟ್ಟ. "ನಾಳೆ ಆಯುಧಪೂಜೆ. ಪೂಜೆ ಮುಗಿದ ತಕ್ಷಣ ಆ ಕಾರನ್ನ ಕರಗಿಸಿ. ಕುಲುಮೆಗೆ ಬೀಗ ಹಾಕಿ."

ನಂಜರಸಯ್ಯ ನಕ್ಕ. ಆ ನಗು ನೋಡಿ ಚಿಕ್ಕಾಳಮ್ಮನ ತಲೆಯಲ್ಲಿ ಒಂದು ಮಾತು ಹೊಳೆಯಿತು. ಹೆತ್ತವಳು ಮಗು ಚೆಂದ ಅಂತ ಊರೆಲ್ಲ ಸಾರಿ, ನೋಡೋಕೆ ಬಂದರೆ ಬಾಗಿಲು ಹಾಕ್ಕೋತಾಳಾ? ಇಲ್ಲ. ಹಾಗಾದರೆ ಈತ ಏನನ್ನೋ ಮುಚ್ಚಿಡುತ್ತಿದ್ದಾನೆ. ಏನು ಅಂತ ಅವಳಿಗೂ ಗೊತ್ತಿರಲಿಲ್ಲ. ಆದರೂ ಎರಡೂ ಕೈ ಜೋಡಿಸಿದಳು.

"ತಪ್ಪಾಯ್ತು ಬುದ್ಧಿ. ಸೋತೆ. ಅಯ್ಯನೋರು ಹೇಳಿದ್ದೆಲ್ಲ ಸತ್ಯ. ಒಂದೇ ಒಂದು ಬೇಡಿಕೆ ನಡೆಸಿಕೊಡಿ. ಗೆದ್ದೋನು ಸೋತೋನನ್ನ ಎಳ್ಕೊಂಡು ಹೋಗೋದು ಧರ್ಮ. ನಾಳೆ ಗುಡುಗನಿಗೆ ಹಗ್ಗ ಕಟ್ಟಿ, ನನ್ನ ಕಾರನ್ನ ಕುಲುಮೆ ತನಕ ಎಳಿಸಿ. ಊರೆಲ್ಲ ನೋಡ್ಲಿ. ಗುಡುಗನ ಗುಣ ಬಲ್ಲೋರು ಅಯ್ಯನೋರೇ, ಅವರೇ ಓಡಿಸ್ಲಿ."

ರಾಜನಿಗೆ ಖುಷಿಯೋ ಖುಷಿ. ನಂಜರಸಯ್ಯ ಗಡಬಡಿಸಿ ಎದ್ದ.

"ಬುದ್ಧಿ, ಅದಕ್ಕೆ ಪೆಟ್ರೋಲು..."

"ಕೊಡದ ನೀರನ್ನೇ ಹೆಚ್ಚಿಸೋ ಕಾರಿಗೆ ಪೆಟ್ರೋಲಿನ ಚಿಂತೆಯಾ ಅಯ್ಯನೋರೆ? ಆದ್ರೂ ಇರ್ಲಿ, ನಾನೇ ತಂದು ತುಂಬ್ತೀನಿ."

"ದಾರೀಲಿ ಜನ, ದನ, ಕುರಿ..."

"ಕುರಿಗಳೇ ಕೈ ಮುಗಿದು ದಾರಿ ಬಿಡ್ತವಲ್ಲ!"

"ಪೂಜೆ ಮುಗಿಯೋ ಹೊತ್ತಿಗೆ ರಾಹುಕಾಲ..."

"ಹಾಲು ಒಲೆಗಿಡೋ ಮೊದ್ಲೇ ಬರೋ ಕಾರು, ರಾಹು ಎದ್ದು ಕೂರೋ ಮೊದ್ಲೇ ಹೋಗಿ ಬಂದಿರುತ್ತೆ ಬಿಡಿ."

ಸಭೆ ಗೊಳ್ಳಂತ ನಕ್ಕಿತು. ರಾಜ "ಹಾಗೇ ಆಗಲಿ" ಅಂದ. ನಂಜರಸಯ್ಯ ತಾನು ನೇಯ್ದ ಬಲೆಗೆ ತಾನೇ ಬಿದ್ದಿದ್ದ.

ಮಾರನೇ ದಿನ ಅರಮನೆ ಅಂಗಳದಲ್ಲಿ ಜನವೋ ಜನ. "ಪೂಜೆಗೆ ಮುಂಚೆ ಚಾಲೂ ಮಾಡಬಾರದು" ಅಂತ ನಂಜರಸಯ್ಯ ಆಳುಗಳಿಂದ ಗುಡುಗನ್ನ ತಳ್ಳಿಸಿಕೊಂಡು ಬಂದ. ಚೆಂಡುಹೂವಿನ ಹಾರ ಹಾಕಿದರು, ಕುಂಕುಮ ಹಚ್ಚಿದರು, ಬೂದುಗುಂಬಳ ಒಡೆದರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಕಾರು ತನ್ನ ಶಕ್ತಿಯಿಂದಲೇ ಹೊರಟು ನಿಂಬೆಹಣ್ಣು ಅರೆಯಬೇಕು, ಹಣ್ಣು ಇಟ್ಟಮೇಲೆ ಕೈಯಿಂದ ತಳ್ಳಿದರೆ ಅಪಶಕುನ. ಹಿಂದೆ ಹಗ್ಗಕ್ಕೆ ಕಟ್ಟಿದ ಕೋಲ್ಮಿಂಚು ನಿಂತಿತ್ತು. ಅದರ ಪಕ್ಕ ಚಿಕ್ಕಾಳಮ್ಮ. ಅವಳ ಕಣ್ಣು ಗುಡುಗನ ಮೇಲೇ ಇತ್ತು.

ನಂಜರಸಯ್ಯ ಸ್ಟೇರಿಂಗ್ ಹಿಡಿದು ಕೂತ. ಕೀಲಿ ತಿರುಗಿಸಿದ. ಸದ್ದಿಲ್ಲ. ಮತ್ತೆ ತಿರುಗಿಸಿದ. ಸದ್ದಿಲ್ಲ. ಮೂರನೇ ಸಲ ತಿರುಗಿಸಿದ. ಎಲ್ಲೋ ಒಂದು ಕಾಗೆ ಕೂಗಿತು, ಅಷ್ಟೇ.

"ಏನಯ್ಯ ಇದು?" ಅಂದ ರಾಜ.

"ಕಾರು ಆಗ್ಲೇ ಹೋಗಿ ಬಂತು ಬುದ್ಧಿ! ಅಷ್ಟು ವೇಗ, ನಿಮ್ಮ ಕಣ್ಣಿಗೆ ಕಾಣ್ಲಿಲ್ಲ. ಸದ್ದು ಇನ್ನೂ ಹಿಂದೆ ಬರ್ತಾ ಇದೆ."

ಗುಂಪಿನಲ್ಲಿದ್ದ ನಿಂಬೆಹಣ್ಣು ಮಾರೋ ಮುದುಕಿ ಬಗ್ಗಿ ನೋಡಿ ಕೂಗಿದಳು. "ಹೋಗಿ ಬಂದಿದ್ರೆ ನನ್ನ ನಿಂಬೆಹಣ್ಣು ಯಾಕಪ್ಪ ಇಟ್ಟಂಗೇ ಐತೆ?"

ರಾಜ ಸೊಂಟ ಹಿಡಿದುಕೊಂಡು ತಾನೇ ಇಳಿದು ಬಂದು ಬಾನೆಟ್ಟು ಎತ್ತಿದ. ಒಳಗಿಂದ ಒಂದು ಕೋಳಿ ರೆಕ್ಕೆ ಬಡಿದು ಅವನ ಕಿರೀಟದ ಮೇಲೆ ಹಾರಿ ಕೂತಿತು. ಇಂಜಿನ್ನು ಇರಬೇಕಾದ ಜಾಗದಲ್ಲಿ ಒಂದಿಷ್ಟು ಹುಲ್ಲು, ಹುಲ್ಲಿನ ಮೇಲೆ ಕಾವಿಗಿಟ್ಟ ಮೊಟ್ಟೆ.

"ಇಂಜಿನ್ ಎಲ್ಲೋ?" ರಾಜ ಗರ್ಜಿಸಿದ.

"ನಮ್ಮ ಆಲೆಮನೇಲಿ... ಕಬ್ಬು ಅರೀತಾ ಇದೆ, ಬುದ್ಧಿ."

ರಾಜನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ಆಲೆಮನೆಯಿಂದ ವರ್ಷ ವರ್ಷ ಬರ್ತಿದ್ದ ಬೆಲ್ಲವನ್ನ ಬೆರಳು ಚೀಪಿ ಚೀಪಿ ತಿಂದವನು ಅವನೇ. "ಇವತ್ತಿನಿಂದ ಇಂಜಿನ್ ಜಾಗದಲ್ಲಿ ನೀನು ನಿಂತು ಗಾಣ ತಿರುಗಿಸು" ಅಂತ ನಂಜರಸಯ್ಯನನ್ನ ಅಟ್ಟಿದ. ಕೋಪ ಇನ್ನೂ ಇಳಿದಿರಲಿಲ್ಲ. "ಈ ಡಬ್ಬವನ್ನೂ ಕರಗಿಸಿ! ಇನ್ನು ಗುಡುಗನ ಹೆಸರು ಎತ್ತಿದೋರ ನಾಲಿಗೆ ಕೀಳಿಸ್ತೀನಿ. ಕೋಲ್ಮಿಂಚೇ ದೊಡ್ಡದು!"

ಚಿಕ್ಕಾಳಮ್ಮ ಗುಡುಗನಿಗೆ ಅಡ್ಡ ನಿಂತಳು. "ಮುಟ್ಟಬೇಡಿ."

"ನಿನ್ನ ಕಾರನ್ನೇ ಗೆಲ್ಲಿಸ್ತಾ ಇದೀನಲ್ಲೇ!"

"ನೆನ್ನೆ ನನ್ನಜ್ಜನ್ನ ಎತ್ಕೊಂಡು ನನಗೆ ಹೊಡೆದ್ರಿ. ಇವತ್ತು ನನ್ನ ಎತ್ಕೊಂಡು ಅಜ್ಜನಿಗೆ ಹೊಡೀತೀರಾ? ನಾನೂ ದೊಣ್ಣೆ ಅಲ್ಲ, ನನ್ನಜ್ಜನೂ ದೊಣ್ಣೆ ಅಲ್ಲ. ಇಂಜಿನ್ ತರ್ಸಿ. ಕಟ್ಟಿಕೊಡ್ತೀನಿ. ಎರಡನ್ನೂ ಓಡ್ಸಿ, ಕಣ್ಣಾರೆ ನೋಡಿ, ಆಮೇಲೆ ಮಾತಾಡಿ."

ರಾಜನಿಗೆ ಹಾಗೆ ಎದುರು ಮಾತಾಡಿದವರು ಅವಳನ್ನ ಬಿಟ್ಟು ಯಾರೂ ಇರಲಿಲ್ಲ. ರಾಜ ಅವಳನ್ನ ನೋಡಿದ, ಎರಡು ಕಾರನ್ನೂ ನೋಡಿದ, ಕಿರೀಟದ ಮೇಲಿನ ಕೋಳಿಯನ್ನ ಮೆಲ್ಲಗೆ ಇಳಿಸಿದ. "ತರಿಸಿ" ಅಂದ.

ಗುಡುಗ ತವರಿಗೆ ಹೋಯಿತು. ಚಿಕ್ಕಾಳಮ್ಮ ಒಂದೊಂದೇ ಭಾಗ ಬಿಚ್ಚಿ, ಬೆಲ್ಲದ ಅಂಟು ತೊಳೆದು, ಎಣ್ಣೆ ಹಾಕಿ ಜೋಡಿಸಿದಳು. ಅಜ್ಜ ತಿರುಗಿಸಿದ್ದ ತಿರುಪುಗಳನ್ನ ತಿರುಗಿಸುವಾಗ ಒಂದೆರಡು ಸಲ ಕಣ್ಣು ಒರೆಸಿಕೊಂಡಳು, ಮುಖವೆಲ್ಲ ಮಸಿಯಾಯಿತು. ಆಮೇಲೆ ಎರಡೂ ಕಾರು ಕೋಟೆ ಬಾಗಿಲಲ್ಲಿ ನಿಂತವು. ಕೋಲ್ಮಿಂಚಿನಲ್ಲಿ ರಾಜನೇ ಕೂತ. ಗುಡುಗನಲ್ಲಿ ಚಿಕ್ಕಾಳಮ್ಮ.

ಯಾವುದು ಗೆದ್ದಿತು ಅಂತೀರಾ? ಕೋಲ್ಮಿಂಚು. ಸ್ವಲ್ಪ ಅಲ್ಲ, ಸುಂಕದ ಗುಡ್ಡದಷ್ಟು ಮುಂದೆ. ಗುಡುಗ ಹೊಗೆ ಉಗುಳಿಕೊಂಡು, ಕಿವಿ ಕಿತ್ತುಹೋಗೋ ಹಾಗೆ ಗುಡುಗಿಕೊಂಡು ಹಿಂದೆ ಬಂತು. ಆ ಸದ್ದು ಕೇಳಿ ಮುದುಕರು ಅತ್ತರು, ಮಕ್ಕಳು ಕುಣಿದರು. ತಾನು ಕಟ್ಟಿದ ಕಾರಿಗೆ ತಾನೇ ಸೋತ ಚಿಕ್ಕಾಳಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾ ಇಳಿದಳು.

ನೋಡಿ ಮಕ್ಕಳೇ, ನೀತಿ ಇಷ್ಟೇ. ಕಿವಿಯಲ್ಲಿ ಕೇಳಿದ್ದನ್ನ ಕಣ್ಣಲ್ಲಿ ಕಂಡದ್ದರ ಜೊತೆ ತೂಗಬೇಡಿ. ಹಿರಿಯರನ್ನ ಹೊಗಳೋದು ಒಳ್ಳೇದೇ. ಆದರೆ ಆ ಹೊಗಳಿಕೆಯನ್ನೇ ಒನಕೆ ಮಾಡಿಕೊಂಡು ಕಿರಿಯರ ತಲೆ ಕುಟ್ಟೋನು ಸಿಕ್ಕಿದರೆ ತಲೆ ತಗ್ಗಿಸಬೇಡಿ. ಸೀದಾ ಹೋಗಿ ಬಾನೆಟ್ಟು ಎತ್ತಿ ನೋಡಿ. ಅಂಥವನು ಹಿರಿಯರ ಮನೆಯಲ್ಲೇ ಏನೋ ಕದ್ದಿರ್ತಾನೆ.