ಉಂಡೆಯ ಟೊಳ್ಳು ಮೂಳೆ

ಮಕ್ಕಳೇ, ಘಟ್ಟದ ರಸ್ತೆಯ ಒಂದು ತಿರುವಿನಲ್ಲಿ ದೊಡ್ಡ ಅತ್ತಿಮರವಿತ್ತು. ಅದರಲ್ಲಿ ಕಪ್ಪು ಮುಖದ, ಉದ್ದ ಬಾಲದ ಮುಸುವಗಳ ಹಿಂಡು ವಾಸವಾಗಿತ್ತು. ಆ ಹಿಂಡಿನ ಬೆಳ್ಳಕ್ಕನಿಗೆ ತನ್ನ ಮಗನ ಮೇಲೆ ಬಲು ಹೆಮ್ಮೆ. ಅವನು ಎಷ್ಟು ದುಂಡಗಿದ್ದನೆಂದರೆ ಎಲ್ಲರೂ ಅವನನ್ನು ಉಂಡೆ ಎಂದೇ ಕರೆಯುತ್ತಿದ್ದರು.

ಕಾರು ನಿಲ್ಲಿಸಿದವರು ಎಸೆಯುವ ಬನ್ನು, ಚಿಪ್ಸು, ಕ್ರೀಮ್ ಬಿಸ್ಕತ್ತು, ಇವೇ ಉಂಡೆಯ ಊಟ.

ಪಕ್ಕದ ಕೊಂಬೆಯ ನಿಂಗವ್ವನಿಗೆ ಒಬ್ಬಳು ಮಗಳು. ತೆಳ್ಳಗಿದ್ದುದರಿಂದ ಅವಳ ಹೆಸರು ಕಡ್ಡಿ.

"ಪಾಪ, ಮಗುವಿಗೆ ಹೊಟ್ಟೆಗೇ ಹಾಕುವುದಿಲ್ಲವೇನೇ?" ಎಂದು ಬೆಳ್ಳಕ್ಕ ಒಂದು ದಿನ ಕೇಳಿದಳು.

"ಹಾಕುತ್ತೇನಲ್ಲ! ಬೆಳಿಗ್ಗೆ ಅತ್ತಿಹಣ್ಣು, ಆಮೇಲೆ ಹುಣಸೆ ಚಿಗುರು, ಕಾಡವರೆ. ಅವಳ ಮೈಕಟ್ಟೇ ಹಾಗೆ," ಎಂದಳು ನಿಂಗವ್ವ. "ಉಂಡೆಗೂ ಸ್ವಲ್ಪ ಸೊಪ್ಪು ಕೊಡು ಬೆಳ್ಳಕ್ಕ. ಮೊನ್ನೆ ಕಾಲುನೋವು ಅಂತ ಅಳುತ್ತಿದ್ದ."

"ಸೊಪ್ಪು ತಿನ್ನುವುದು ಗತಿಯಿಲ್ಲದವರು. ಪುಷ್ಟಿ ಬರಬೇಕಾದರೆ ಸೇಬು, ದಾಳಿಂಬೆ ಬೇಕು. ಅವು ನಮಗೆಲ್ಲಿ ಎಟುಕುತ್ತವೆ? ಬನ್ನಾದರೆ ಪುಕ್ಕಟೆ."

ಬನ್ನೇನೂ ಪುಕ್ಕಟೆ ಸಿಗುತ್ತಿರಲಿಲ್ಲ. ಅದಕ್ಕಾಗಿ ಬೆಳ್ಳಕ್ಕ ದಿನವಿಡೀ ರಸ್ತೆ ಬದಿಯಲ್ಲಿ ಕಾಯುತ್ತಿದ್ದಳು. ಯಾರೋ ಬೀಸಿದ ಕಲ್ಲಿಗೆ ಒಂದು ಕಿವಿ ಹರಿದಿತ್ತು. ಲಾರಿಯ ಚಕ್ರಕ್ಕೆ ಸಿಕ್ಕಿ ಬಾಲದ ತುದಿ ಹೋಗಿತ್ತು. ಚಿಗುರಾದರೋ ಅವಳು ಮಲಗುವ ಕೊಂಬೆಯ ಪಕ್ಕದಲ್ಲೇ ಇತ್ತು.

ಒಂದು ಮಧ್ಯಾಹ್ನ ಮರಿಗಳೆಲ್ಲ ಜೂಟಾಟ ಆಡುತ್ತಿದ್ದವು. ಕಡ್ಡಿ ಕೊಂಬೆಯಿಂದ ಕೊಂಬೆಗೆ ಹಾರಿದಳು. ಅವಳ ಹಿಂದೆ ಉಂಡೆಯೂ ಹಾರಿದ. ಕೊಂಬೆ ಕೈಗೆ ಸಿಕ್ಕಿತು, ಬೆರಳುಗಳಲ್ಲಿ ಬಲವಿರಲಿಲ್ಲ. ಬಿದ್ದದ್ದು ಬರೀ ಆಳೆತ್ತರದಿಂದ, ಅದೂ ಮೆತ್ತನೆಯ ತರಗೆಲೆಯ ಮೇಲೆ. ಆದರೂ ತೊಡೆಯ ಮೂಳೆ ಲಟಕ್ಕೆಂದು ಮುರಿಯಿತು.

ಹಿಂಡಿನ ಅಜ್ಜಿ ಇಳಿದು ಬಂದು ಕಾಲನ್ನು ಮುಟ್ಟಿ ನೋಡಿದಳು. "ಮೈ ತುಂಬಿದೆ, ಮೂಳೆ ಮಾತ್ರ ಟೊಳ್ಳು. ಇದು ಕೂಡುವುದು ಕಷ್ಟ ಮಗಳೇ," ಎಂದಳು.

ಬೆಳ್ಳಕ್ಕ ಅವನನ್ನು ಎತ್ತಿಕೊಂಡು ಮರ ಹತ್ತಲು ನೋಡಿದಳು. ಅವಳ ಎದೆಗೆ ಆತುಕೊಳ್ಳುವ ಶಕ್ತಿಯೂ ಅವನಿಗಿರಲಿಲ್ಲ. ಮೂರು ದಿನ ಅವಳು ನೆಲದ ಮೇಲೆಯೇ ಅವನನ್ನು ಕಾದಳು. ಕೊನೆಗೆ ಎಳೆಯ ಚಿಗುರು ತಂದು ಬಾಯಿಗಿಟ್ಟಳು.

"ತಿನ್ನು ಕಂದ."

"ಥೂ, ಒಗರು! ನನಗೆ ಬನ್ನು ಬೇಕಮ್ಮಾ."

ಅವನ ಅಳು ನೋಡಲಾರದೆ ನಾಲ್ಕನೆಯ ದಿನ ಅವಳು ರಸ್ತೆಗೆ ಹೋದಳು. ಬನ್ನು ಹಿಡಿದು ಓಡಿ ಬಂದಾಗ ಅಲ್ಲಿ ಉಂಡೆ ಇರಲಿಲ್ಲ. ತರಗೆಲೆ ಚೆಲ್ಲಾಪಿಲ್ಲಿಯಾಗಿತ್ತು. ಹಸಿ ಮಣ್ಣಿನಲ್ಲಿ ಚಿರತೆಯ ಹೆಜ್ಜೆಗಳಿದ್ದವು.

ನಿಂಗವ್ವ ಸದ್ದಿಲ್ಲದೆ ಇಳಿದು ಬಂದಳು.

"ಅವನು ಚೆನ್ನಾಗಿಯೇ ಇದ್ದ ಕಣೇ," ಎಂದಳು ಬೆಳ್ಳಕ್ಕ. "ಎಷ್ಟು ದುಂಡಗಿದ್ದ! ಇಡೀ ಹಿಂಡಿನಲ್ಲಿ ಅಂಥ ಮಗು ಇನ್ನೊಂದಿತ್ತಾ, ನೀನೇ ಹೇಳು."

ನಿಂಗವ್ವ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ನೀತಿ: ಮೈ ದುಂಡಗಾದ ಮಾತ್ರಕ್ಕೆ ಬಲ ಬಂದಂತಲ್ಲ, ಪುಷ್ಟಿ ಕೊಡುವ ಆಹಾರ ದುಬಾರಿಯದೇ ಆಗಿರಬೇಕೆಂದೂ ಇಲ್ಲ.