ಒಬ್ಬ ಕಡಿಮೆಯ ದಂಡು

ಕಿರುಗೋಡಿನ ರಾಜ ಡಂಗುರ ಹೊಡೆಸಿದ: "ನನ್ನ ಮಗಳು ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಕೊಡುತ್ತೇನೆ. ಮಗಳನ್ನೇ ಬೇಡಿದರೂ ಸರಿ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಬುದ್ಧಿಗಿಂತ ಮೀಸೆ ದೊಡ್ಡದಾದವರೆಲ್ಲ ಬಂದು ನಿಂತರು. ಅವರ ಹಿಂದೆ ನಿಂತವನು ತಿಪ್ಪಯ್ಯ, ಅರಮನೆಯ ಛತ್ರದಲ್ಲಿ ಊಟದ ಎಲೆ ಹಾಕುವವನು. ಅವನಿಗೆ ರಾಜಕುಮಾರಿಯ ಆಸೆಯಿರಲಿಲ್ಲ. ಗಣಿತ ಓದಿದ ಅವನ ಅಣ್ಣ ಗಂಗಯ್ಯ ಹಿಂದಿನ ದಿನ ತಪ್ಪು ಉತ್ತರ ಹೇಳಿ ಸೆರೆ ಸೇರಿದ್ದ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

ಹೊನ್ನಾಂಬೆ ಕೇಳಿದಳು: "ನನ್ನದೊಂದು ದಂಡಿದೆ. ಸಾಲಿಗೆ ಇಬ್ಬರಂತೆ ನಿಲ್ಲಿಸಿದರೆ ಒಬ್ಬ ಮಿಗುತ್ತಾನೆ, ಮೂವರಂತೆ ನಿಲ್ಲಿಸಿದರೆ ಇಬ್ಬರು, ನಾಲ್ವರಂತೆ ನಿಲ್ಲಿಸಿದರೆ ಮೂವರು. ಹೀಗೇ ಹತ್ತರವರೆಗೆ, ಹತ್ತರಂತೆ ನಿಲ್ಲಿಸಿದರೆ ಒಂಬತ್ತು ಜನ. ಈ ಯಾವ ಬಗೆಯಲ್ಲೂ ಯಾರೂ ಮಿಗದಂತೆ ಮಾಡಲು ಕಡಿಮೆಯೆಂದರೆ ಎಷ್ಟು ಜನರನ್ನು ಸೇರಿಸಬೇಕು?"

ಒಬ್ಬ ರಾಜಕುಮಾರ ಮಿಕ್ಕವರನ್ನೆಲ್ಲ ಕೂಡಿ "ನಲವತ್ತೈದು" ಎಂದ. ಭಟರು ಎಳೆದೊಯ್ದರು. ಇನ್ನೊಬ್ಬ "ಒಂಬತ್ತು ಬಗೆಗೆ ಒಂಬತ್ತು ಜನ" ಎಂದ. ಗಂಗಯ್ಯ ಹೇಳಿದ್ದೂ ಅದನ್ನೇ. ಈತನನ್ನೂ ಎಳೆದೊಯ್ದರು.

ತಿಪ್ಪಯ್ಯ ಮುಂದೆ ಬಂದ. ಓದಿದವರ ಕಣ್ಣೆಲ್ಲ ಮಿಕ್ಕವರ ಮೇಲೆ. ಎಲೆ ಹಾಕುವವನ ಕಣ್ಣು ಮಾತ್ರ ಖಾಲಿ ಎಲೆಯ ಮೇಲೆ. ಹತ್ತು ಎಲೆ ಹಾಕಿ ಒಂಬತ್ತು ಜನ ಕೂತರೆ ಖಾಲಿ ಉಳಿಯುವುದು ಒಂದು. ಮೂರು ಹಾಕಿ ಇಬ್ಬರು ಕೂತರೂ ಒಂದೇ.

"ಒಬ್ಬನೇ ಸಾಕು, ಅಮ್ಮಣ್ಣಿ."

ಸಭೆ ಗುಸುಗುಸು ಎಂದಿತು. "ಹಾಗಾದರೆ ನನ್ನ ದಂಡಿನಲ್ಲಿ ಕಡಿಮೆಯೆಂದರೆ ಎಷ್ಟು ಜನ?" ಎಂದಳು ಹೊನ್ನಾಂಬೆ.

ತಿಪ್ಪಯ್ಯ ಬೆರಳು ಮಡಚಿದ. "ಆ ಒಬ್ಬನೂ ಬಂದರೆ ಎರಡರಿಂದ ಹತ್ತರವರೆಗೆ ಎಲ್ಲಕ್ಕೂ ಸರಿಹೋಗಬೇಕು. ಐದು, ಏಳು, ಎಂಟು, ಒಂಬತ್ತನ್ನು ಗುಣಿಸಿದರೆ ಉಳಿದವೆಲ್ಲ ಅದರೊಳಗೇ ಬಂದವು. ಎರಡು ಸಾವಿರದ ಐನೂರ ಇಪ್ಪತ್ತು. ಒಬ್ಬನನ್ನು ಕಳೆದರೆ ಎರಡು ಸಾವಿರದ ಐನೂರ ಹತ್ತೊಂಬತ್ತು."

"ಇನ್ನು ಮೂರನೆಯದು. ಈಗ ಯಾರನ್ನೂ ಸೇರಿಸಬೇಡ. ಸಾಲಿಗೆ ಹತ್ತಕ್ಕಿಂತ ಹೆಚ್ಚು, ಇಪ್ಪತ್ತಕ್ಕಿಂತ ಕಡಿಮೆ. ಎಷ್ಟರಂತೆ ನಿಲ್ಲಿಸಿದರೆ ಯಾರೂ ಮಿಗುವುದಿಲ್ಲ?"

ಭಟನೊಬ್ಬ ಹತ್ತಿರ ಬಂದು ನಿಂತ. ತಿಪ್ಪಯ್ಯ ಬೆವರೊರೆಸಿಕೊಂಡು ಕಣ್ಣು ಮುಚ್ಚಿದ.

"ಹತ್ತರಂತೆ ಇನ್ನೂರ ಐವತ್ತೊಂದು ಸಾಲು, ಮಿಕ್ಕವರು ಒಂಬತ್ತು. ಇಪ್ಪತ್ತೆರಡು ಸಾಲನ್ನು ಎಬ್ಬಿಸಿದೆ. ಎದ್ದವರು ಇನ್ನೂರ ಇಪ್ಪತ್ತು, ಈ ಒಂಬತ್ತು ಸೇರಿ ಇನ್ನೂರ ಇಪ್ಪತ್ತೊಂಬತ್ತು. ಉಳಿದ ಸಾಲೂ ಅಷ್ಟೇ! ಸಾಲಿಗೊಬ್ಬರನ್ನು ಒತ್ತಿ ಕೂರಿಸಿದರೆ ಹನ್ನೊಂದು, ಅಮ್ಮಣ್ಣಿ."

"ಸರಿ!" ಎಂದಳು ಹೊನ್ನಾಂಬೆ. ರಾಜ "ಏನು ಬೇಕೋ ಬೇಡಿಕೊಳ್ಳಪ್ಪ" ಎಂದ.

"ಸೆರೆಯಲ್ಲಿರುವವರ ತಲೆ, ಬುದ್ದೀ. ಅವರವರ ಹೆಗಲ ಮೇಲೇ ಇರಲಿ."

ಸೆರೆಮನೆಯ ಬಾಗಿಲು ತೆರೆಯಿತು. ಗಂಗಯ್ಯ ಓಡಿ ಬಂದು ತಮ್ಮನ ಬೆನ್ನಿಗೊಂದು ಗುದ್ದಿದ. "ಲೋ, ನಿನ್ನ ತಲೆ ಹೋಗಿದ್ರೆ ಅವ್ವಂಗೆ ಏನಂತ ಹೇಳ್ತಿದ್ದೆ ನಾನು?"

"ನೀನೇ ಇರ್ತಿರಲಿಲ್ವಲ್ಲಣ್ಣ!"

ಇಬ್ಬರೂ ತಬ್ಬಿಕೊಂಡು ಅತ್ತರು.

"ಅಪ್ಪಾಜಿ, ಗೆದ್ದರೂ ಇವನು ನನ್ನನ್ನು ಬೇಡಲಿಲ್ಲ. ನಾನೇ ಇವನನ್ನು ಬೇಡುತ್ತೇನೆ, ಒಪ್ಪುತ್ತಾನೇನೋ ಕೇಳಿ," ಎಂದಳು ಹೊನ್ನಾಂಬೆ.

ತಿಪ್ಪಯ್ಯ ಕಕ್ಕಾಬಿಕ್ಕಿಯಾಗಿ ಅಣ್ಣನ ಮುಖ ನೋಡಿದ.

"ಒಪ್ಕೊಳ್ಳೋ ಪೆದ್ದ," ಎಂದ ಗಂಗಯ್ಯ, ಕಣ್ಣೊರೆಸಿಕೊಳ್ಳುತ್ತಾ.